ಅಬರ್ಡೀನ್ ಕಂಡ ಮಾಂಟ್ರೋಸ್

(ಇತಿಹಾಸಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1638ರ ಜುಲೈಯಲ್ಲಿ ಸ್ಕಾಟ್‌ಲೆಂಡಿನ ಈಶಾನ್ಯ ಕರಾವಳಿಯ ಅಬರ್ಡೀನ್ ಪಟ್ಟಣಕ್ಕೆ ಒಂದು ನಿಯೋಗ ಬಂತು. ಅದರಲ್ಲಿ ಅಲೆಕ್ಸಾಂಡರ್ ಹೆಂಡರ್ಸನ್‌ನಂಥ ಹೆಸರಾಂತ ಪಾದ್ರಿಗಳಿದ್ದರು, ಅವರ ಜೊತೆ ಇಪ್ಪತ್ತೈದು ವರ್ಷದ ಒಬ್ಬ ಅರ್ಲ್, ಅಂದರೆ ದೊಡ್ಡ ಶ್ರೀಮಂತ ಪದವಿಯವನು, ಇದ್ದ. ಊರ ಹಿರಿಯರು ವಾಡಿಕೆಯಂತೆ ಅತಿಥಿಗಳ ಮುಂದೆ ವೈನ್ ತಂದಿಟ್ಟರು. ಅತಿಥಿಗಳು ಮುಟ್ಟಲಿಲ್ಲ. ಮೊದಲು ನಮ್ಮ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿ, ಕುಡಿಯುವ ಮಾತು ಆಮೇಲೆ ಎಂದರು. ಊರವರಿಗೆ ಅದು ದೊಡ್ಡ ಅವಮಾನ. ಅವರು ಆ ವೈನನ್ನು ಬಡವರಿಗೆ ಹಂಚಿಬಿಟ್ಟರು.

ಆ ಅರ್ಲ್‌ನ ಹೆಸರು ಜೇಮ್ಸ್ ಗ್ರಹಾಂ, ಮಾಂಟ್ರೋಸಿನ ಐದನೆಯ ಅರ್ಲ್. ಮುಂದಿನ ಹನ್ನೆರಡು ವರ್ಷಗಳಲ್ಲಿ ಅಬರ್ಡೀನ್ ಅವನನ್ನು ಮತ್ತೆ ಮತ್ತೆ ನೋಡಿತು. ರಾಜನನ್ನು ಎದುರಿಸುವವರ ಸೇನಾಪತಿಯಾಗಿ ಬಂದ, ರಾಜನದೇ ಸೇನಾಪತಿಯಾಗಿ ಬಂದ, ಕಡೆಗೆ ಕೊಯ್ದ ದೇಹದ ಒಂದು ತುಂಡಾಗಿ ಬಂದ. ಅವನನ್ನು ಮಹಾವೀರ ಎನ್ನುವವರಿದ್ದಾರೆ, ಧರ್ಮದ್ರೋಹಿ ಎಂದವರೂ ಇದ್ದರು. ನಾನು ಇವತ್ತು ಅವನನ್ನು ಸಾಧ್ಯವಾದಷ್ಟೂ ಅಬರ್ಡೀನಿನ ಬೀದಿಯಲ್ಲಿ ನಿಂತು ನೋಡಬೇಕೆಂದಿದ್ದೇನೆ. ಅವನು ಆಡಿದ ಮಾತಿಗೆ ತಪ್ಪಿದವನಲ್ಲ ಎಂದು ನಾನು ನಂಬುತ್ತೇನೆ. ಆದರೆ ಅವನ ಮಾತಿನ ಬೆಲೆಯನ್ನು ಬಹಳ ಸಲ ಬೇರೆಯವರು ತೆತ್ತರು.

ಮಾಂಟ್ರೋಸ್ ಹುಟ್ಟಿದ್ದು 1612ರಲ್ಲಿ. ಒಬ್ಬನೇ ಮಗ. 1626ರಲ್ಲಿ ತಂದೆ ತೀರಿಕೊಂಡಾಗ ಹದಿನಾಲ್ಕರ ಹುಡುಗನಿಗೆ ಅರ್ಲ್ ಪದವಿ ಬಂತು. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಓದಿದ, ಅಲ್ಲಿ ಬಿಲ್ಲುಗಾರಿಕೆಯ ಬೆಳ್ಳಿ ಬಾಣ ಗೆದ್ದ. 1629ರಲ್ಲಿ ಮ್ಯಾಗ್ಡಲೀನ್ ಕಾರ್ನೆಗಿಯ ಜೊತೆ ಮದುವೆಯಾಯಿತು. 1633ರಿಂದ ಮೂರು ವರ್ಷ ಫ್ರಾನ್ಸ್, ಇಟಲಿ ಸುತ್ತಿದ. ಕವಿತೆ ಬರೆಯುತ್ತಿದ್ದ. ಅವನ ಬಾಲ್ಯದ ಬಗ್ಗೆ ಇಷ್ಟು ಸಾಕು.

ಅವನು ತಿರುಗಾಟ ಮುಗಿಸಿ ಬರುವ ಹೊತ್ತಿಗೆ ದೇಶ ಕುದಿಯುತ್ತಿತ್ತು. 1603ರಲ್ಲಿ ಸ್ಕಾಟ್‌ಲೆಂಡಿನ ರಾಜ ಆರನೆಯ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದು ಲಂಡನ್ನಿಗೆ ಹೋದ ಮೇಲೆ ಎಡಿನ್‌ಬರೋಗೆ ರಾಜ ದೂರದವನಾದ. ಅವನ ಮಗ ಮೊದಲನೆಯ ಚಾರ್ಲ್ಸ್ ಹುಟ್ಟಿದ್ದು ಸ್ಕಾಟ್‌ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಾದರೂ ಬೆಳೆದದ್ದೆಲ್ಲ ಇಂಗ್ಲೆಂಡಿನಲ್ಲಿ. ಪಟ್ಟಕ್ಕೆ ಬಂದ 1625ರಲ್ಲೇ ಅವನು, ಹಿಂದೆ ಚರ್ಚಿನಿಂದ ಶ್ರೀಮಂತರ ಕೈಸೇರಿದ್ದ ಜಮೀನುಗಳನ್ನು ಹಿಂದಕ್ಕೆ ಪಡೆಯುವ ಮಾತೆತ್ತಿದ. ಅಲ್ಲಿಗೆ ಶ್ರೀಮಂತರ ನಿದ್ದೆ ಕೆಟ್ಟಿತು. ಆಮೇಲೆ ಬಂತು ಪ್ರಾರ್ಥನಾ ಪುಸ್ತಕ. ಸ್ಕಾಟರ ಚರ್ಚು ಪ್ರೆಸ್ಬಿಟೀರಿಯನ್ ಪಂಥದ ದಾರಿ ಹಿಡಿದಿತ್ತು. ಪಾದ್ರಿಗಳೂ ಊರ ಹಿರಿಯರೂ ಕೂಡಿ ಚರ್ಚನ್ನು ನಡೆಸಬೇಕು, ಅವರ ಮೇಲೆ ಬಿಷಪ್ಪರು ಬೇಡ ಎನ್ನುವ ದಾರಿ ಅದು. ಇಂಗ್ಲೆಂಡಿನ ಮಾದರಿಯ ಪೂಜಾಕ್ರಮವನ್ನು ಅದರ ಮೇಲೆ ಹೇರಲು ಚಾರ್ಲ್ಸ್ ಹೊರಟ. 1637ರ ಜುಲೈ 23ರಂದು ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಆ ಪುಸ್ತಕವನ್ನು ಓದತೊಡಗಿದಾಗ ಜನ ಎದ್ದು ಗಲಭೆ ಮಾಡಿದರು. ಜೆನ್ನಿ ಗೆಡ್ಡೆಸ್ ಎಂಬ ಹೆಂಗಸು ಕೂತಿದ್ದ ಮಣೆಯನ್ನೇ ಎತ್ತಿ ಎಸೆದಳು ಎಂದು ಜನಜನಿತ ಕತೆಯಿದೆ.

ಮರುವರ್ಷ, 1638ರ ಫೆಬ್ರವರಿ 28ರಂದು, ಎಡಿನ್‌ಬರೋದ ಗ್ರೇಫ್ರೈಯರ್ಸ್ ಚರ್ಚಿನಲ್ಲಿ ರಾಷ್ಟ್ರೀಯ ಕವನೆಂಟ್ ಎಂಬ ಪ್ರತಿಜ್ಞಾಪತ್ರಕ್ಕೆ ಸಹಿಗಳು ಬಿದ್ದವು. ಅದನ್ನು ಬರೆದವರು ಹೆಂಡರ್ಸನ್ ಮತ್ತು ವಕೀಲ ಆರ್ಚಿಬಾಲ್ಡ್ ಜಾನ್‌ಸ್ಟನ್. ಮೊದಲ ದಿನಗಳಲ್ಲೇ ಸಹಿ ಹಾಕಿದವರಲ್ಲಿ ಮಾಂಟ್ರೋಸ್ ಒಬ್ಬ. ದಯವಿಟ್ಟು ಒಂದು ಅಂಶ ನೆನಪಿಟ್ಟುಕೊಳ್ಳಿ. ಆ ಪತ್ರದಲ್ಲಿ ಎರಡು ಪ್ರತಿಜ್ಞೆಗಳಿದ್ದವು: ನಮ್ಮ ಧರ್ಮವನ್ನು ಕಾಪಾಡುತ್ತೇವೆ, ನಮ್ಮ ರಾಜನನ್ನೂ ಕಾಪಾಡುತ್ತೇವೆ. ಸಹಿ ಹಾಕಿದ ಬಹುಪಾಲು ಜನ ಇವೆರಡು ಒಂದಕ್ಕೊಂದು ಎದುರಾಗಬಹುದೆಂದು ಎಣಿಸಿರಲಿಲ್ಲ. ಮಾಂಟ್ರೋಸನ ಉಳಿದ ಬದುಕೆಲ್ಲ ಈ ಎರಡು ಸಾಲುಗಳ ನಡುವೆ ಕಳೆಯಿತು.

ಅಬರ್ಡೀನ್ ಮಾತ್ರ ಸಹಿ ಹಾಕಲಿಲ್ಲ. ಅಲ್ಲಿನ ಕಾಲೇಜುಗಳ ದೇವತಾಶಾಸ್ತ್ರಜ್ಞರು, ಇತಿಹಾಸದಲ್ಲಿ ಅಬರ್ಡೀನ್ ಡಾಕ್ಟರುಗಳೆಂದೇ ಹೆಸರಾದವರು, ನಿಯೋಗಕ್ಕೆ ಲಿಖಿತ ಪ್ರಶ್ನೆಗಳನ್ನು ಹಾಕಿದರು. ದೊರೆಯ ಅಪ್ಪಣೆಯಿಲ್ಲದೆ ಪ್ರಜೆಗಳು ಹೀಗೆ ಒಟ್ಟುಗೂಡಿ ಆಣೆ ಮಾಡಬಹುದೇ? ಒತ್ತಾಯದಿಂದ ಹಾಕಿಸಿದ ಸಹಿಗೆ ಏನು ಅರ್ಥ? ಈಗ ಓದಿದರೂ ಯೋಗ್ಯವಾದ ಪ್ರಶ್ನೆಗಳೇ ಅವು. ಎರಡು ಕಡೆಯವರೂ ಪತ್ರದ ಮೇಲೆ ಪತ್ರ ಬರೆದರು. ಕೊನೆಯ ಉತ್ತರ ಬಂದದ್ದು ಸೈನ್ಯದ ರೂಪದಲ್ಲಿ.

1639ರ ವಸಂತದಲ್ಲಿ ಮಾಂಟ್ರೋಸ್ ಕವನೆಂಟ್ ಸೈನ್ಯದೊಂದಿಗೆ ಅಬರ್ಡೀನ್ ಹೊಕ್ಕ. ಅವನ ಸೈನಿಕರ ಗುರುತು ನೀಲಿ ಪಟ್ಟಿ. ಸೈನ್ಯ ಒಮ್ಮೆ ಬಂದು ಹೋದ ಮೇಲೆ ಊರ ಕೆಲವು ಹೆಂಗಸರು ಅಣಕಕ್ಕೆಂದು ತಮ್ಮ ಸಾಕುನಾಯಿಗಳ ಕೊರಳಿಗೆ ನೀಲಿ ಪಟ್ಟಿ ಕಟ್ಟಿದರು. ಸೈನ್ಯ ತಿರುಗಿ ಬಂದಾಗ ಆ ನಾಯಿಗಳನ್ನೆಲ್ಲ ಕೊಂದು ಹಾಕಿದರು. ಇದನ್ನು ಬರೆದಿಟ್ಟವನು ಜಾನ್ ಸ್ಪಾಲ್ಡಿಂಗ್, ಅದೇ ಊರಿನ ಗುಮಾಸ್ತ. ಆ ಕಾಲದ ಅಬರ್ಡೀನ್ ನಮ್ಮ ಕಣ್ಣಿಗೆ ಕಟ್ಟುವುದು ಅವನ ದೆಸೆಯಿಂದಲೇ. ಅದೇ ಜೂನಿನಲ್ಲಿ ಡೀ ನದಿಯ ಸೇತುವೆಯ ಮೇಲೆ ಎರಡು ದಿನ ಕಾದಾಡಿ ಮಾಂಟ್ರೋಸ್ ಮತ್ತೆ ಊರನ್ನು ಗೆದ್ದ. ಮೇಲಿನವರು ಊರಿಗೆ ಬೆಂಕಿ ಹಾಕಲು ಒತ್ತಾಯಿಸಿದರೂ ಅವನು ಒಪ್ಪಲಿಲ್ಲ. ಇದನ್ನು ಅವನ ಲೆಕ್ಕಕ್ಕೆ ಬರೆಯಲೇಬೇಕು.

ಆ ವರ್ಷ ಇನ್ನೊಂದು ಕೆಲಸವೂ ನಡೆಯಿತು. ಉತ್ತರದ ದೊಡ್ಡ ಒಡೆಯ, ರಾಜಪಕ್ಷದ ಹಂಟ್ಲಿಯ ಮಾರ್ಕ್ವಿಸ್, ಅಭಯದ ಮಾತು ನಂಬಿ ಮಾಂಟ್ರೋಸನ ಜೊತೆ ಮಾತುಕತೆಗೆ ಬಂದ. ಅವನನ್ನು ಸೆರೆಯಾಳಿನಂತೆ ಎಡಿನ್‌ಬರೋಗೆ ಒಯ್ದರು. ಹಂಟ್ಲಿ ಇದನ್ನು ಸಾಯುವತನಕ ಮರೆಯಲಿಲ್ಲ. ಐದು ವರ್ಷದ ನಂತರ ಇಬ್ಬರೂ ಒಂದೇ ರಾಜನ ಕಡೆ ನಿಂತಾಗಲೂ ಹಂಟ್ಲಿ ಮಾಂಟ್ರೋಸನ ಜೊತೆ ಮನಸಾರೆ ಸೇರಲಿಲ್ಲ. ಹಂಟ್ಲಿಯ ಗಾರ್ಡನ್ ಕುಲದ ಕುದುರೆ ದಳ ಸಿಕ್ಕಾಗ ಮಾಂಟ್ರೋಸ್ ಗೆದ್ದ, ಅದು ಕೈಬಿಟ್ಟಾಗ ಸೋತ. ಸೇನಾಪತಿಯಾಗಿ ಅವನು ಮಾಡಿದ ಅತಿ ದುಬಾರಿ ತಪ್ಪು ಇದೇ ಎಂದು ನನ್ನ ಎಣಿಕೆ.

ಅವನು ಪಕ್ಷ ಬದಲಿಸಿದ್ದು ಏಕೆ? ಅರಮನೆಯ ಪದವಿಯ ಆಸೆಗೆ ಎಂದವರುಂಟು. ನನಗೆ ಹಾಗನಿಸುವುದಿಲ್ಲ. 1640ರ ಆಗಸ್ಟಿನಲ್ಲಿ ಕವನೆಂಟ್ ಸೈನ್ಯ ಇಂಗ್ಲೆಂಡಿಗೆ ನುಗ್ಗಿದಾಗ ಟ್ವೀಡ್ ನದಿಯನ್ನು ಮೊದಲು ದಾಟಿದವನು ಇವನೇ. ಆದರೆ ಅದೇ ತಿಂಗಳು ಕಂಬರ್ನಾಲ್ಡ್ ಎಂಬಲ್ಲಿ, ಕೆಲವೇ ಜನರ ಸ್ವಾರ್ಥ ದೇಶದ ಕೆಲಸವನ್ನು ಕೆಡಿಸುತ್ತಿದೆ ಎನ್ನುವ ಗುಪ್ತ ಒಪ್ಪಂದಕ್ಕೆ ಸಹಿ ಹಾಕಿದ್ದ. ಅವನ ಮನಸ್ಸಿನಲ್ಲಿದ್ದವನು ಆರ್ಗೈಲ್‌ನ ಅರ್ಲ್ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್, ಪಶ್ಚಿಮದ ಬಲಿಷ್ಠ ಕ್ಯಾಂಪ್‌ಬೆಲ್ ಕುಲದ ಮುಖ್ಯಸ್ಥ. ಬಿಷಪ್ಪರು ಹೋದರು, ಪ್ರಾರ್ಥನಾ ಪುಸ್ತಕ ಹೋಯಿತು, ಕೇಳಿದ್ದೆಲ್ಲ ಸಿಕ್ಕಿತು. ಇನ್ನು ಕಿತ್ತುಕೊಳ್ಳುತ್ತಿರುವುದು ರಾಜನ ಅಧಿಕಾರವನ್ನು, ಅದು ಹೋಗಿ ಸೇರುವುದು ಆರ್ಗೈಲ್‌ನ ಕೈಗೆ ಎಂಬುದು ಮಾಂಟ್ರೋಸನ ತರ್ಕ. ಒಪ್ಪಂದ ಬಯಲಾಯಿತು. ರಾಜನೊಂದಿಗೆ ಗುಟ್ಟಾಗಿ ಪತ್ರ ವ್ಯವಹಾರ ನಡೆಸಿದ್ದೂ ಹೊರಬಿತ್ತು. 1641ರ ಜೂನ್‌ನಿಂದ ನವೆಂಬರ್‌ವರೆಗೆ ಎಡಿನ್‌ಬರೋ ಕೋಟೆಯಲ್ಲಿ ಸೆರೆಯಿದ್ದ.

1643ರಲ್ಲಿ ಕವನೆಂಟಿನವರು, ರಾಜನೊಡನೆ ಯುದ್ಧಕ್ಕಿಳಿದಿದ್ದ ಇಂಗ್ಲೆಂಡಿನ ಪಾರ್ಲಿಮೆಂಟಿನ ಜೊತೆ ಇನ್ನೊಂದು ಒಪ್ಪಂದ ಮಾಡಿಕೊಂಡು, ರಾಜನ ವಿರುದ್ಧ ಸೈನ್ಯ ಕಳಿಸಲು ನಿಂತರು. ಮಾಂಟ್ರೋಸ್ ಅದಕ್ಕೆ ಸಹಿ ಹಾಕಲಿಲ್ಲ. ಅವನ ಪ್ರಕಾರ 1638ರ ಪತ್ರದ ಎರಡನೆಯ ಸಾಲು ಅಲ್ಲಿಗೆ ಮುರಿದುಬಿದ್ದಿತ್ತು. ಅವನು ರಾಜನ ಬಳಿಗೆ ಹೋದ. ರಾಜ ಅವನನ್ನು ಸ್ಕಾಟ್‌ಲೆಂಡಿನಲ್ಲಿ ತನ್ನ ಸೇನಾಪತಿಯನ್ನಾಗಿ ನೇಮಿಸಿ, 1644ರ ಮೇ ತಿಂಗಳಲ್ಲಿ ಮಾರ್ಕ್ವಿಸ್ ಪದವಿ ಕೊಟ್ಟ. ಕೊಡದೆ ಉಳಿದದ್ದು ಸೈನ್ಯವೊಂದೇ.

ಅದೇ ಆಗಸ್ಟಿನಲ್ಲಿ ಮಾಂಟ್ರೋಸ್ ಕುದುರೆ ನೋಡಿಕೊಳ್ಳುವ ಆಳಿನ ವೇಷ ಹಾಕಿ, ಇಬ್ಬರೇ ಸಂಗಡಿಗರೊಂದಿಗೆ ಗಡಿ ದಾಟಿ ಹೈಲ್ಯಾಂಡ್ ಬೆಟ್ಟಸೀಮೆಯ ಅಂಚಿಗೆ ಬಂದ. ಬ್ಲೇರ್ ಅಥೋಲ್‌ನಲ್ಲಿ ಅವನಿಗೆ ಅಲಾಸ್ಟರ್ ಮ್ಯಾಕೊಲ್ಲಾ ಸಿಕ್ಕ. ಮ್ಯಾಕ್‌ಡೊನಾಲ್ಡ್ ಕುಲದ ಆ ಆಜಾನುಬಾಹು ಐರ್ಲೆಂಡಿನಿಂದ ಪಳಗಿದ ಸೈನಿಕರನ್ನು ಕರೆತಂದಿದ್ದ. ಅವರು ಕ್ಯಾಥೊಲಿಕ್ಕರು, ಗೇಲಿಕ್ ಮಾತಾಡುವವರು, ಹೆಂಡತಿ ಮಕ್ಕಳನ್ನು ಜೊತೆಗೇ ಕಟ್ಟಿಕೊಂಡು ಬಂದವರು. ಮ್ಯಾಕೊಲ್ಲಾನ ಮುಖ್ಯ ಹಗೆ ಇದ್ದದ್ದು ತನ್ನ ಕುಲದ ನೆಲ ನುಂಗಿದ ಕ್ಯಾಂಪ್‌ಬೆಲ್ಲರ ಮೇಲೆ. ಮಾಂಟ್ರೋಸನಿಗೆ ರಾಜನ ಕಾರ್ಯ, ಇವನಿಗೆ ಮನೆತನದ ಸೇಡು. ಇಬ್ಬರ ದಾರಿಯೂ ಸದ್ಯಕ್ಕೆ ಒಂದೇ ಆಗಿತ್ತು. ಸೆಪ್ಟೆಂಬರ್ 1ರಂದು ಪರ್ತ್ ಪಟ್ಟಣದ ಹತ್ತಿರ ಟಿಪ್ಪರ್‌ಮ್ಯೂರ್‌ನಲ್ಲಿ, ಮದ್ದುಗುಂಡಿಗೂ ಬರವಿದ್ದ ಈ ಪುಟ್ಟ ಸೈನ್ಯ ತನಗಿಂತ ಬಹಳ ದೊಡ್ಡ ಸೈನ್ಯವನ್ನು ಒಂದೇ ಏಟಿಗೆ ಚದುರಿಸಿತು.

ಹನ್ನೆರಡು ದಿನಗಳ ನಂತರ, ಸೆಪ್ಟೆಂಬರ್ 13ರಂದು, ಮಾಂಟ್ರೋಸ್ ಅಬರ್ಡೀನಿನ ಮುಂದೆ ನಿಂತಿದ್ದ. ಊರು ಒಪ್ಪಿಸಿ, ಇಲ್ಲವಾದರೆ ಹೆಂಗಸರನ್ನೂ ಮಕ್ಕಳನ್ನೂ ಮುದುಕರನ್ನೂ ಹೊರಗೆ ಕಳಿಸಿ ಎಂದು ದೂತನನ್ನು ಕಳಿಸಿದ. ದೂತನ ಜೊತೆ ತಮಟೆ ಬಾರಿಸುವ ಒಬ್ಬ ಹುಡುಗ ಹೋಗಿದ್ದ. ಊರವರು ಇಬ್ಬರನ್ನೂ ಉಪಚರಿಸಿ, ಒಪ್ಪುವುದಿಲ್ಲ ಎಂಬ ಉತ್ತರ ಕೊಟ್ಟು ಕಳಿಸಿದರು. ಹಿಂದಿರುಗುವ ದಾರಿಯಲ್ಲಿ ಎದುರು ಸೈನ್ಯದ ಯಾರೋ ಆ ಹುಡುಗನಿಗೆ ಗುಂಡು ಹೊಡೆದರು. ಮಾಂಟ್ರೋಸ್ ಕೆರಳಿದ. ಗೆದ್ದರೆ ಊರು ನಿಮ್ಮದು ಎಂದು ಸೈನಿಕರಿಗೆ ಮಾತು ಕೊಟ್ಟ.

ಜಸ್ಟಿಸ್ ಮಿಲ್ಸ್ ಬಳಿಯ ಇಳಿಜಾರಿನಲ್ಲಿ ಯುದ್ಧ ನಡೆಯಿತು. ಮಾಂಟ್ರೋಸ್ ಗೆದ್ದ. ಸೋತು ಓಡಿದವರ ಹಿಂದೆಯೇ ಅವನ ಸೈನಿಕರು ಬೀದಿಗಳಿಗೆ ನುಗ್ಗಿದರು, ಕೆಲವು ದಿನ ಊರು ಅವರ ಕೈಯಲ್ಲಿತ್ತು. ಉಟ್ಟ ಬಟ್ಟೆ ರಕ್ತವಾಗಿ ಕೆಡಬಾರದೆಂದು ಮೊದಲು ಬಟ್ಟೆ ಬಿಚ್ಚಿಸಿ ಆಮೇಲೆ ಕೊಂದರು ಎಂದು ಸ್ಪಾಲ್ಡಿಂಗ್ ಬರೆಯುತ್ತಾನೆ. ಕಣ್ಣೆದುರೇ ಗಂಡನನ್ನು ಕಡಿದರೂ ಹೆಂಡತಿ ಅಳುವಂತಿರಲಿಲ್ಲ. ಅತ್ತವಳ ಜೀವಕ್ಕೂ ಖಾತ್ರಿಯಿರಲಿಲ್ಲ. ನೂರಕ್ಕೂ ಹೆಚ್ಚು ಊರವರು ಸತ್ತರು. ಸ್ಪಾಲ್ಡಿಂಗ್ ರಾಜಪಕ್ಷದ ಒಲವಿನವನು ಎಂಬುದನ್ನು ಮರೆಯಬೇಡಿ, ಶತ್ರು ಬರೆದ ಉತ್ಪ್ರೇಕ್ಷೆ ಎಂದು ತಳ್ಳಿಹಾಕುವಂತಿಲ್ಲ. ಸತ್ತವರಲ್ಲಿ ಬಹಳ ಜನ ಒಳಗೊಳಗೆ ರಾಜನ ಪರ ಇದ್ದವರೇ ಎಂಬುದು ಅವನ ಅಳಲು.

ಆರು ವರ್ಷದ ಹಿಂದೆ ಈ ಊರಿನವರು ಕವನೆಂಟಿಗೆ ಸಹಿ ಹಾಕಲು ಹಿಂಜರಿದಾಗ ಸೈನ್ಯ ತಂದು ಬಗ್ಗಿಸಿದವನು ಮಾಂಟ್ರೋಸ್. ಈಗ ಕವನೆಂಟಿನ ಕಡೆ ನಿಂತಿದ್ದಾರೆಂದು ಅದೇ ಊರನ್ನು ಲೂಟಿಗೆ ಬಿಟ್ಟವನೂ ಅವನೇ. ತಮಟೆ ಹುಡುಗನ ಸಾವು ಘೋರ, ಒಪ್ಪುತ್ತೇನೆ. ಆದರೆ ಅದು ಅಬರ್ಡೀನಿಗೆ ಆದದ್ದಕ್ಕೆ ಸಮಜಾಯಿಷಿ ಆಗಲಾರದು. ಅವನನ್ನು ಮೆಚ್ಚುವ ಲೇಖಕರು ಈ ಪುಟವನ್ನು ಬೇಗ ತಿರುಗಿಸಿ ಮುಂದಿನ ಗೆಲುವಿಗೆ ಹೋಗುತ್ತಾರೆ. ನಾನು ಅವನನ್ನು ಮೆಚ್ಚುತ್ತೇನೆ, ಆದರೂ ಇಲ್ಲಿ ನಿಲ್ಲದೆ ಮುಂದೆ ಹೋಗಲಾರೆ. ಸೈನಿಕರಿಗೆ ಕೊಡಲು ಅವನಲ್ಲಿ ಸಂಬಳವಿರಲಿಲ್ಲ. ಅವರನ್ನು ಹಿಡಿದಿಡಲು ಲೂಟಿಯೊಂದೇ ದಾರಿ ಎಂದುಕೊಂಡ. ಕೆಳನಾಡಿನ ಪಟ್ಟಣಗಳು ಅವನನ್ನು ಮತ್ತೆಂದೂ ನಂಬದಂತಾದದ್ದು ಅಬರ್ಡೀನಿನಿಂದ.

ಮುಂದಿನ ವರ್ಷದ ಕತೆ ಯುದ್ಧಶಾಸ್ತ್ರದ ಪುಸ್ತಕಗಳಲ್ಲಿ ಬರುವಂಥದ್ದು. ಹೈಲ್ಯಾಂಡಿನಲ್ಲಿ ಚಳಿಗಾಲಕ್ಕೆ ಯಾರೂ ಯುದ್ಧ ಮಾಡುವುದಿಲ್ಲ ಎಂಬ ನಂಬಿಕೆಯಿದ್ದಾಗ, 1644ರ ಡಿಸೆಂಬರಿನಲ್ಲಿ ಅವನೂ ಮ್ಯಾಕೊಲ್ಲಾನೂ ಹಿಮದ ಕಣಿವೆಗಳನ್ನು ದಾಟಿ ಆರ್ಗೈಲ್‌ನ ತವರು ಇನ್ವರೇರಿಗೇ ಇಳಿದರು. ಆರ್ಗೈಲ್ ದೋಣಿ ಹತ್ತಿ ತಪ್ಪಿಸಿಕೊಂಡ. ಕ್ಯಾಂಪ್‌ಬೆಲ್ ಸೀಮೆ ಸುಟ್ಟುಹೋಯಿತು. ಜನವರಿ ಕೊನೆಗೆ ಮಾಂಟ್ರೋಸ್ ಲಾಕ್ ನೆಸ್ ಸರೋವರದ ತುದಿಯಲ್ಲಿದ್ದಾಗ ಉತ್ತರಕ್ಕೊಂದು, ದಕ್ಷಿಣದ ಇನ್ವರ್ಲಾಕಿಯಲ್ಲಿ ಆರ್ಗೈಲ್‌ನದೇ ಇನ್ನೊಂದು ಶತ್ರುಸೈನ್ಯ. ಮಧ್ಯದಲ್ಲಿ ಸಿಕ್ಕಿಬಿದ್ದ ಎಂದೇ ಎಲ್ಲರೂ ತಿಳಿದರು. ಅವನು ಕಣಿವೆಯ ನೇರ ದಾರಿ ಬಿಟ್ಟು, ಮೊಣಕಾಲುದ್ದ ಹಿಮ ಬಿದ್ದಿದ್ದ ಬೆಟ್ಟಗಳ ಮೇಲಿಂದ ಸುತ್ತಿ ಬಂದು ಫೆಬ್ರವರಿ 2ರ ಬೆಳಗ್ಗೆ ಆರ್ಗೈಲ್‌ನ ಸೈನ್ಯದ ತಲೆಯ ಮೇಲೇ ಪ್ರತ್ಯಕ್ಷನಾದ. ಸೈನಿಕರು ಸರಿಯಾಗಿ ಉಂಡಿರಲಿಲ್ಲ; ಇದ್ದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ತಿಂದು ಯುದ್ಧಕ್ಕಿಳಿದರು. ಸುಮಾರು 1,500 ಜನ ಸತ್ತರು, ಹೆಚ್ಚಿನವರು ಕ್ಯಾಂಪ್‌ಬೆಲ್ ಕಡೆಯವರು. ಆರ್ಗೈಲ್ ಇದೆಲ್ಲವನ್ನೂ ತನ್ನ ಹಡಗಿನಿಂದ ನೋಡಿದ.

1645ರ ಮೇಯಲ್ಲಿ ಆಲ್ಡರ್ನ್, ಜುಲೈಯಲ್ಲಿ ಆಲ್ಫರ್ಡ್, ಆಗಸ್ಟ್ 15ರಂದು ಕಿಲ್ಸಿತ್: ಎಲ್ಲವೂ ಗೆಲುವು. ಇದೇ ವರ್ಷ ಅವನ ಹದಿಹರೆಯದ ಹಿರಿಯ ಮಗ ಜಾನ್ ತಂದೆಯ ದಂಡಿನ ಜೊತೆ ತಿರುಗುತ್ತಿದ್ದಾಗಲೇ ಕಾಯಿಲೆ ಬಿದ್ದು ಸತ್ತ. ಆಲ್ಫರ್ಡಿನಲ್ಲಿ ಹಂಟ್ಲಿಯ ಹಿರಿಯ ಮಗ, ಮಾಂಟ್ರೋಸನ ಆಪ್ತ ಗೆಳೆಯ, ಗುಂಡಿಗೆ ಬಲಿಯಾದ. ಕಿಲ್ಸಿತ್ ನಂತರ ಸ್ಕಾಟ್‌ಲೆಂಡ್ ಪೂರ್ತಿ ಅವನ ಕಾಲಡಿಯಲ್ಲಿತ್ತು ಎನ್ನಬಹುದು. ಅಷ್ಟರಲ್ಲಿ ರಾಜ ಇಂಗ್ಲೆಂಡಿನಲ್ಲಿ ನೇಸ್‌ಬಿ ಯುದ್ಧ ಸೋತು ಎರಡು ತಿಂಗಳಾಗಿತ್ತು. ಮ್ಯಾಕೊಲ್ಲಾ ತನ್ನ ಸೇಡಿನ ಕೆಲಸಕ್ಕೆ ಪಶ್ಚಿಮಕ್ಕೆ ಹೋದ, ಬೆಟ್ಟದವರು ಸುಗ್ಗಿಗೆ ಮನೆಗೆ ಹೋದರು, ಗಾರ್ಡನ್ನರೂ ಹೊರಟರು. ಸೆಪ್ಟೆಂಬರ್ 13ರ ಮಂಜಿನ ಬೆಳಗಿನಲ್ಲಿ ಫಿಲಿಪ್‌ಹಾ ಎಂಬಲ್ಲಿ ಕವನೆಂಟ್ ಸೇನಾಪತಿ ಡೇವಿಡ್ ಲೆಸ್ಲಿಯ ಕುದುರೆ ದಳ ಅವನ ಅಳಿದುಳಿದ ಸೈನ್ಯದ ಮೇಲೆ ಬಿತ್ತು. ಅಬರ್ಡೀನ್ ಲೂಟಿಯಾಗಿ ಸರಿಯಾಗಿ ಒಂದು ವರ್ಷ. ಪ್ರಾಣಭಿಕ್ಷೆಯ ಮಾತು ನಂಬಿ ಆಯುಧ ಕೆಳಗಿಟ್ಟ ಐರಿಷ್ ಸೈನಿಕರನ್ನು ಆಮೇಲೆ ಕೊಂದರು. ಶಿಬಿರದಲ್ಲಿದ್ದ ಅವರ ಹೆಂಗಸರನ್ನೂ ಮಕ್ಕಳನ್ನೂ ಬಿಡಲಿಲ್ಲ. ದೇವರ ಕೆಲಸ ಎಂದು ಅದನ್ನು ಹುರಿದುಂಬಿಸಿದ ಪಾದ್ರಿಗಳಿದ್ದರು. ಈ ಯುದ್ಧದಲ್ಲಿ ಕೈ ತೊಳೆದುಕೊಳ್ಳಬಲ್ಲ ಪಕ್ಷ ನನಗೆ ಕಾಣುವುದಿಲ್ಲ.

1646ರಲ್ಲಿ ರಾಜ ತಾನೇ ಸ್ಕಾಟ್ ಸೈನ್ಯಕ್ಕೆ ಶರಣಾಗಿ, ಸೈನ್ಯ ಬರಖಾಸ್ತು ಮಾಡು ಎಂದು ಮಾಂಟ್ರೋಸನಿಗೆ ಬರೆದ. ಪಾದ್ರಿಯೊಬ್ಬನ ಸೇವಕನ ವೇಷದಲ್ಲಿ ಮಾಂಟ್ರೋಸ್ ನಾರ್ವೆಗೆ ಹಡಗು ಹತ್ತಿದ. ತಮ್ಮ ಸೈನ್ಯಕ್ಕೆ ಬರಬೇಕಿದ್ದ ಬಾಕಿಯನ್ನು 4 ಲಕ್ಷ ಪೌಂಡಿಗೆ ತೀರ್ಮಾನಿಸಿಕೊಂಡ ಸ್ಕಾಟರು 1647ರ ಜನವರಿಯಲ್ಲಿ ರಾಜನನ್ನು ಪಾರ್ಲಿಮೆಂಟಿಗೆ ಒಪ್ಪಿಸಿ ಊರಿಗೆ ಮರಳಿದರು. ಎರಡು ವರ್ಷದ ನಂತರ, 1649ರ ಜನವರಿ 30ರಂದು ಲಂಡನ್ನಿನಲ್ಲಿ ಚಾರ್ಲ್ಸ್‌ನ ತಲೆ ಕಡಿದರು. ಸುದ್ದಿ ಕೇಳಿ ಮಾಂಟ್ರೋಸ್ ಮೂರ್ಛೆ ಹೋದನೆಂದು ಅವನ ಪಾದ್ರಿ ಜಾರ್ಜ್ ವಿಶಾರ್ಟ್ ಬರೆದಿದ್ದಾನೆ.

ಸತ್ತ ರಾಜನ ಮಗ, ಎರಡನೆಯ ಚಾರ್ಲ್ಸ್, ಎರಡು ದೋಣಿಯಲ್ಲಿ ಕಾಲಿಟ್ಟ. ಒಂದು ಕಡೆ ನೆದರ್ಲೆಂಡ್ಸಿನ ಬ್ರೆಡಾ ಪಟ್ಟಣದಲ್ಲಿ ಕವನೆಂಟಿನವರ ಜೊತೆ ರಾಜಿ ಮಾತು, ಇನ್ನೊಂದು ಕಡೆ ಮಾಂಟ್ರೋಸನಿಗೆ ಸ್ಕಾಟ್‌ಲೆಂಡಿನ ಮೇಲೆ ದಂಡೆತ್ತಿ ಹೋಗು ಎಂಬ ಉತ್ತೇಜನ. ದಂಡು ಬಂದರೆ ರಾಜಿಯ ಷರತ್ತುಗಳು ಸಡಿಲವಾಗುತ್ತವೆ ಎಂಬ ಲೆಕ್ಕಾಚಾರ. ಮಾಂಟ್ರೋಸನಿಗೆ ಅಪಾಯ ತಿಳಿದಿರಲಿಲ್ಲ ಎನ್ನಲಾಗದು, ಆದರೂ ಹೊರಟ. ಆರ್ಕ್ನಿ ದ್ವೀಪಗಳಲ್ಲಿ ಯುದ್ಧವನ್ನೇ ಕಾಣದ ರೈತರನ್ನು ಸೇರಿಸಿಕೊಂಡು ಮುಖ್ಯ ಭೂಮಿಗೆ ಇಳಿದ. 1650ರ ಏಪ್ರಿಲ್ 27ರಂದು ಕಾರ್ಬಿಸ್‌ಡೇಲ್‌ನಲ್ಲಿ ಆ ಸೈನ್ಯ ನುಚ್ಚುನೂರಾಯಿತು. ನಾಲ್ಕೇ ದಿನಕ್ಕೆ, ಮೇ 1ರಂದು, ಬ್ರೆಡಾದಲ್ಲಿ ಚಾರ್ಲ್ಸ್ ರಾಜಿಗೆ ಒಪ್ಪಿದ. ಹಸಿದು ಕಾಡುಪಾಲಾದ ಮಾಂಟ್ರೋಸ್ ಅಸಿಂಟ್ ಸೀಮೆಯ ಆರ್ಡ್‌ವ್ರೆಕ್ ಕೋಟೆಯಲ್ಲಿ ಆಶ್ರಯ ಕೇಳಿದ. ಕೋಟೆಯ ಒಡೆಯ ನೀಲ್ ಮ್ಯಾಕ್‌ಲೌಡ್ ಅವನನ್ನು ಸರ್ಕಾರಕ್ಕೆ ಒಪ್ಪಿಸಿದ.

ಮೇ 18ರಂದು ಅವನನ್ನು ಗಾಡಿಯ ಮೇಲೆ ಎತ್ತರದ ಆಸನಕ್ಕೆ ಕಟ್ಟಿ ಎಡಿನ್‌ಬರೋದಲ್ಲಿ ಮೆರವಣಿಗೆ ಮಾಡಿದರು. ಜನ ಕಲ್ಲು ಹೊಡೆಯಲಿ ಎಂಬುದು ಏರ್ಪಾಡು. ಯಾರೂ ಹೊಡೆಯಲಿಲ್ಲ, ಬಹಳ ಜನ ಅತ್ತರು. ಆರ್ಗೈಲ್‌ನ ಮಗನ ಮದುವೆಯ ನೆಂಟರು ತುಂಬಿದ್ದ ಮೊರೆ ಹೌಸ್ ಎದುರು ಗಾಡಿ ಹಾದುಹೋಯಿತು. 1644ರಲ್ಲೇ ಅವನಿಗೆ ಮರಣದಂಡನೆ ವಿಧಿಸಿಯಾಗಿದ್ದರಿಂದ ಹೊಸದಾಗಿ ವಿಚಾರಣೆ ಇರಲಿಲ್ಲ. ನಾನು ಮೊದಲ ಕವನೆಂಟನ್ನು ಬಿಟ್ಟವನಲ್ಲ, ಈಗಲೂ ಅದಕ್ಕೆ ಬದ್ಧ ಎಂದು ಪಾದ್ರಿಗಳಿಗೆ ಹೇಳಿದ. ಸಾಯುವ ಬೆಳಗ್ಗೆ ಕೂದಲು ಬಾಚಿಕೊಳ್ಳುತ್ತಿದ್ದುದನ್ನು ಕಂಡು, ಕವನೆಂಟ್ ಬರೆದಿದ್ದ ವಕೀಲ ಜಾನ್‌ಸ್ಟನ್ ಆಕ್ಷೇಪಿಸಿದಾಗ, ತಲೆ ಇನ್ನೂ ನನ್ನದೇ ಇದೆ, ಸಂಜೆ ನಿಮ್ಮದಾದಾಗ ನಿಮಗೆ ಬೇಕಾದಂತೆ ನೋಡಿಕೊಳ್ಳಿ ಎಂದನಂತೆ. ಮೇ 21ರಂದು 30 ಅಡಿ ಎತ್ತರದ ನೇಣುಗಂಬದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ದಂಡಯಾತ್ರೆಗಳ ಬಗ್ಗೆ ವಿಶಾರ್ಟ್ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕವನ್ನು ಅವಮಾನಕ್ಕೆಂದು ಕೊರಳಿಗೆ ಕಟ್ಟಿದ್ದರು. ಅವನಿಗೆ ಮೂವತ್ತೇಳು ವರ್ಷ.

ತಲೆಯನ್ನು ಟಾಲ್‌ಬೂತ್ ಸೆರೆಮನೆಯ ಮೇಲೆ ಚುಚ್ಚಿಟ್ಟರು. ಕೈಕಾಲುಗಳನ್ನು ಗ್ಲಾಸ್ಗೋ, ಸ್ಟರ್ಲಿಂಗ್, ಪರ್ತ್, ಅಬರ್ಡೀನುಗಳಿಗೆ ಹಂಚಿದರು. ಅದೇ ಬೇಸಿಗೆಯಲ್ಲಿ ಎರಡನೆಯ ಚಾರ್ಲ್ಸ್ ಸ್ಕಾಟ್‌ಲೆಂಡಿಗೆ ಬಂದು ಕವನೆಂಟಿಗೆ ಸಹಿ ಹಾಕಿದ. ದಕ್ಷಿಣಕ್ಕೆ ಹೋಗುತ್ತಾ ಅಬರ್ಡೀನಿನಲ್ಲಿ ತಂಗಿದಾಗ, ತನಗಾಗಿ ಸತ್ತವನ ಅಂಗ ಅಲ್ಲಿ ನೇತಾಡುತ್ತಿತ್ತು.

ಈಗ ನಮ್ಮ ದೇಶದವರೆಗೆ ಬಂದ ಒಂದು ಕತೆ ಹೇಳಬೇಕು. ಮಾಂಟ್ರೋಸನ ಬಂಧು ಲೇಡಿ ನೇಪಿಯರ್ ಹೂತ ಮುಂಡದಿಂದ ಅವನ ಹೃದಯವನ್ನು ಗುಟ್ಟಾಗಿ ತೆಗೆಸಿ, ಕೆಡದಂತೆ ಮಾಡಿಸಿ ಉಕ್ಕಿನ ಕರಡಿಗೆಯಲ್ಲಿ ಇಟ್ಟಳು. ನೂರು ವರ್ಷ ದಾಟಿದ ಮೇಲೆ ಅದು ಹೆಸ್ಟರ್ ನೇಪಿಯರ್ ಎಂಬಾಕೆಯ ಪಾಲಿಗೆ ಬಂದು, ಆಕೆಯ ಜೊತೆ ಮಧುರೈಗೆ ಬಂತು. ಅದನ್ನಿಟ್ಟುಕೊಂಡವನಿಗೆ ಯುದ್ಧದಲ್ಲಿ ಗಾಯವಾಗದು ಎಂಬ ಮಾತು ಹಬ್ಬಿ, ಕಳ್ಳರು ಅದನ್ನು ಕದ್ದು ಅಲ್ಲಿನ ಒಬ್ಬ ಪಾಳೆಯಗಾರನಿಗೆ ಮಾರಿದರಂತೆ. ಹೆಸ್ಟರಳ ಮಗ ಬೇಟೆಗೆ ಹೋದಾಗ ವಿಷಯ ತಿಳಿಸಿ ಕೇಳಲು, ಪಾಳೆಯಗಾರ ಗೌರವದಿಂದ ಹಿಂದಿರುಗಿಸಿದ. ಮುಂದೆ ಆ ಪಾಳೆಯಗಾರನೂ ಆರ್ಕಾಟಿನ ನವಾಬನ ವಿರುದ್ಧ ದಂಗೆಯೆದ್ದು ಮರಣದಂಡನೆಗೆ ಗುರಿಯಾದನಂತೆ. ಇದನ್ನು ಬರೆದಿಟ್ಟವನು ಆ ಮಗನೇ, ಸಿಲೋನಿನ ಮುಖ್ಯ ನ್ಯಾಯಾಧೀಶನಾಗಿದ್ದ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್, ತನ್ನ ಹೆಣ್ಣುಮಕ್ಕಳಿಗೆ ಬರೆದ ಕಾಗದದಲ್ಲಿ. ಮನೆತನದ ಕತೆ, ಅಷ್ಟೇ ನಂಬಿಕೆಯಿಂದ ಕೇಳಬೇಕು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಬೂಲೋನ್ ಪಟ್ಟಣದಲ್ಲಿ ಆ ಕರಡಿಗೆ ಕಳೆದುಹೋಯಿತು.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಒಬ್ಬ ಹಿರಿಯರು ಕೇಳಿದರು: ಹಾಗಾದರೆ ಆರ್ಗೈಲ್ ಖಳನಾಯಕನೇ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಇನ್ವರ್ಲಾಕಿಯಲ್ಲಿ ಅವನು ಹಡಗಿನಲ್ಲಿ ಉಳಿದದ್ದನ್ನು ಹೇಡಿತನ ಎನ್ನುತ್ತಾರೆ; ಆದರೆ ಕುದುರೆಯಿಂದ ಬಿದ್ದು ಅವನ ಭುಜಕ್ಕೆ ಪೆಟ್ಟಾಗಿತ್ತು. ಪ್ರೆಸ್ಬಿಟೀರಿಯನ್ ಚರ್ಚನ್ನು ಅವನು ನಿಜವಾಗಿ ನಂಬಿದ್ದ. 1651ರ ಜನವರಿ 1ರಂದು ಸ್ಕೋನ್‌ನಲ್ಲಿ ಎರಡನೆಯ ಚಾರ್ಲ್ಸ್‌ನ ತಲೆಗೆ ಕಿರೀಟವಿಟ್ಟವನು ಅವನೇ. 1660ರಲ್ಲಿ ರಾಜಪದವಿ ಮರಳಿದಾಗ ಅದೇ ಚಾರ್ಲ್ಸ್ ಅವನನ್ನು ಸೆರೆಗೆ ಹಾಕಿಸಿದ. ವಿಚಾರಣೆಯಲ್ಲಿ ಇನ್ನೇನು ಪಾರಾಗುತ್ತಾನೆ ಎನ್ನುವಾಗ, ಹಿಂದೆ ಅವನು ರಾಜನಿಲ್ಲದ ವರ್ಷಗಳಲ್ಲಿ ದೇಶ ಆಳಿದ ಕ್ರಾಮ್‌ವೆಲ್ ಸರ್ಕಾರದ ಕಡೆಯವರಿಗೆ ಬರೆದಿದ್ದ ಕಾಗದಗಳು ಲಂಡನ್ನಿನಿಂದ ಬಂದವು. 1661ರ ಮೇ 11ರಂದು ಮಾಂಟ್ರೋಸನ ಕೂಡಿಸಿದ ಅವಶೇಷಗಳನ್ನು ಸೇಂಟ್ ಜೈಲ್ಸ್‌ನಲ್ಲಿ ರಾಜಮರ್ಯಾದೆಯೊಂದಿಗೆ ಹೂತರು. ಮೇ 27ರಂದು ಆರ್ಗೈಲ್‌ನ ತಲೆ ಕಡಿದರು. ಅವನೂ ಅಳುಕದೆ ಸತ್ತ. ಆ ತಲೆಯನ್ನು ಚುಚ್ಚಿಟ್ಟದ್ದು ಟಾಲ್‌ಬೂತಿನ ಮೇಲೆ, ಮಾಂಟ್ರೋಸನ ತಲೆಯಿದ್ದ ಜಾಗದಲ್ಲೇ. 1664ರಲ್ಲಿ ಅದನ್ನಿಳಿಸಿ ದೇಹದ ಜೊತೆ ಮಣ್ಣು ಮಾಡಲು ರಾಜ ಒಪ್ಪಿಗೆ ಕೊಟ್ಟ.